ಮದ್ದಿಗೂ ಒಂದು ಅಳತೆ



ಪುಣೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಮರಾಠಿಯ 'ದಾರೂಗೋಳಾ' ಎಂಬ ಮಾತು ಗೊತ್ತೇ ಇದೆ. ಕುಡಿಯುವುದಕ್ಕೂ ಸಿಡಿಯುವುದಕ್ಕೂ ದಾರೂ ಎಂಬ ಒಂದೇ ಹೆಸರೇಕೆ ಎಂದು ಯೋಚಿಸಿದ್ದೀರಾ? ಫಾರಸಿಯಲ್ಲಿ ದಾರೂ ಎಂದರೆ ಔಷಧ. ನಮ್ಮ ಕನ್ನಡದಲ್ಲೂ ಹಾಗೆಯೇ. ಕೆಮ್ಮಿಗೆ ಅಜ್ಜಿ ಅರೆದು ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಎರಡಕ್ಕೂ ಅಳತೆಯೇ ಪ್ರಾಣ.

ಅಮೆರಿಕದಿಂದ ರಜೆಗೆ ಬಂದ ಬಂಧುಗಳ ಬಾಯಲ್ಲಿ, ಅಲ್ಲಿ ಕೆಲವರು ರಿವಾಲ್ವರಿನ ಖಾಲಿ ತೋಟೆಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುತ್ತಾರೆಂಬ ಮಾತನ್ನು ನೀವು ಕೇಳಿರಬಹುದು. 'ನಾವೇಕೆ ಮಾಡಬಾರದು?' ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಮೊದಲು ತೋಟೆಯೊಳಗೆ ನಡೆಯುವುದೇನೆಂದು ತಿಳಿಯೋಣ.

ಕೊಡಗು, ಮಲೆನಾಡುಗಳ ಹಳೆಯ ಕೇಪಿನ ಕೋವಿಗೆ ಪ್ರತಿ ಈಡಿಗೂ ಕೈಯಿಂದಲೇ ಮದ್ದು ತುಂಬಬೇಕಿತ್ತು. ಅದು ಗಂಧಕ, ಇದ್ದಿಲು, ಪೆಟ್ಲುಪ್ಪಿನ ಕರಿಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಲೆಕ್ಕವೇ ಬದಲಾಯಿತು. ಇದು ಕರಿಮದ್ದಿಗಿಂತ ಬಹಳ ಪ್ರಬಲ, ಆದ್ದರಿಂದ ಸ್ವಲ್ಪವೇ ಸಾಕು. ಕರಿಮದ್ದಿನ ಕೋವಿಗೆ ಇದನ್ನು ತುಂಬಿದರೆ ನಳಿಗೆಯೇ ಸೀಳಿಹೋಗಬಹುದು.

ಹೊಗೆಯಿಲ್ಲದ ಮದ್ದಿನಲ್ಲೂ ಬೇಗ ಉರಿಯುವುದು, ನಿಧಾನವಾಗಿ ಉರಿಯುವುದು ಎಂಬ ಭೇದವಿದೆ. ಹಂಡೆಯ ಒಲೆಗೆ ತೆಂಗಿನ ಗರಿ ಹಾಕಿದರೆ ಭಗ್ಗನೆ ಉರಿದು ಮುಗಿಯುತ್ತದೆ. ಕೊರಡು ಹಾಕಿದರೆ ಬಹಳ ಹೊತ್ತು ಉರಿಯುತ್ತದೆ. ಮದ್ದೂ ಹಾಗೆಯೇ ಮೇಲ್ಮೈಯಿಂದ ಉರಿಯುತ್ತದೆ. ತೆಳ್ಳನೆಯ ಚೂರುಗಳು ಬೇಗ, ದಪ್ಪ ಕಾಳುಗಳು ನಿಧಾನ. ರೈಫಲ್ಲಿನ ನಳಿಗೆ ಎರಡಡಿಯಷ್ಟು ಉದ್ದವಿರುವುದರಿಂದ ಅದಕ್ಕೆ ನಿಧಾನದ ಮದ್ದು ಒಗ್ಗುತ್ತದೆ. ರಿವಾಲ್ವರಿನ ನಳಿಗೆ ಕೆಲವೇ ಅಂಗುಲ. ಗುಂಡು ಕ್ಷಣಾರ್ಧದಲ್ಲಿ ಹೊರಬೀಳುತ್ತದೆ. ಅಷ್ಟರೊಳಗೆ ಮದ್ದು ಉರಿದು ಮುಗಿಯಬೇಕು. ಆದ್ದರಿಂದ ಮಧ್ಯಮ ಶಕ್ತಿಯ ರಿವಾಲ್ವರ್ ತೋಟೆಗೆ ಬೇಗ ಉರಿಯುವ ಮದ್ದು.

ಅಪಾಯ ಇರುವುದೂ ಇಲ್ಲಿಯೇ. ನಮ್ಮ ದೇಶದಲ್ಲಿ ಪರವಾನಗಿಯ ಮೇಲೆ ಸಿಗುವ .32 ರಿವಾಲ್ವರಿನ ತೋಟೆ 1896ರಷ್ಟು ಹಳೆಯ ವಿನ್ಯಾಸ. ಬೇಗ ಉರಿಯುವ ಮದ್ದು ಅದರ ತಳದಲ್ಲಿ ಚಿಟಿಕೆಯಷ್ಟು ಮಾತ್ರ ಕೂರುತ್ತದೆ, ಉಳಿದದ್ದು ಖಾಲಿ. ಕೈತಪ್ಪಿ ಎರಡು ಸಲ ತುಂಬಿದರೂ ಚೆಲ್ಲುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಒತ್ತಡ ಏರಿದಷ್ಟೂ ಮದ್ದು ಇನ್ನೂ ಜೋರಾಗಿ ಉರಿಯುವುದರಿಂದ, ಎರಡರಷ್ಟು ಮದ್ದಿಗೆ ಒತ್ತಡ ಎರಡರಷ್ಟಕ್ಕೇ ನಿಲ್ಲುವುದಿಲ್ಲ. ಗುಂಡು ಹೊರಡುವ ಮೊದಲೇ ರಿವಾಲ್ವರಿನ ಉಕ್ಕು ಒಡೆದರೆ ಹೋಗುವುದು ಹಿಡಿದವನ ಬೆರಳು, ಪಕ್ಕದವನ ಕಣ್ಣು.

ಈ ಅಳತೆಯ ಕೆಲಸವನ್ನು ನಮ್ಮೂರಿನ ಖಡಕಿ 1869ರಿಂದ ಮಾಡುತ್ತಿದೆ. ತೋಟೆಯ ತಳದಲ್ಲಿ 'ಕೆಎಫ್' ಎಂದಿದ್ದರೆ ಅದು ಕಿರ್ಕೀ ಫ್ಯಾಕ್ಟರಿ; ಬ್ರಿಟಿಷರ ಬಾಯಲ್ಲಿ ಖಡಕಿಯೇ ಕಿರ್ಕೀ ಆಗಿತ್ತು. 2021ರಿಂದ ಈ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ. ಕಾರ್ಖಾನೆಗಳಲ್ಲಿ ತಯಾರಾದ ತೋಟೆಗಳಿಂದ ಮಾದರಿ ತೆಗೆದು, ಹಾರಿಸಿ, ಒತ್ತಡವನ್ನೂ ವೇಗವನ್ನೂ ಅಳೆದ ಮೇಲೆಯೇ ಹೊರಗೆ ಕಳಿಸುತ್ತಾರೆ. ಅಡುಗೆಮನೆಯ ಮೇಜಿನ ಮೇಲೆ ಈ ಪರೀಕ್ಷೆ ಸಾಧ್ಯವಿಲ್ಲ.

ಕಾನೂನಿನ ಮಾತೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ರಿವಾಲ್ವರ್ ಇಟ್ಟುಕೊಳ್ಳಲು ಅನುಮತಿ ಸಿಕ್ಕ ಮಾತ್ರಕ್ಕೆ ಅದರ ತೋಟೆ ತಯಾರಿಸಲು ಅನುಮತಿ ಸಿಕ್ಕಂತಲ್ಲ. ಕೊಡವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಅಲ್ಲಿ ಕೋವಿ ಪೂಜೆಗೆ ಸಲ್ಲುವ ವಸ್ತು. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂ ಮುಡಿಸಿ ಪೂಜಿಸುತ್ತಾರೆ. ಆ ಭಯಭಕ್ತಿಯನ್ನು ನಾವೂ ಕಲಿಯಬೇಕು.

ಹಾಗಾದರೆ ಕುತೂಹಲವನ್ನು ಅದುಮಿಡಬೇಕೇ? ಖಂಡಿತ ಬೇಡ. ಗುರಿ ಹೊಡೆಯುವ ಆಸೆಯಿದ್ದರೆ ಬಾಲೇವಾಡಿಯ ಕ್ರೀಡಾಸಂಕುಲಕ್ಕೆ ಹೋಗಿ ವಿಚಾರಿಸಿ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಸೆಂಟರ್‌ಫೈರ್ ಪಿಸ್ತೂಲಿನಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆ ಸ್ಪರ್ಧೆಯಲ್ಲಿ ಹೆಚ್ಚಿನವರು ಬಳಸುವುದು ಇದೇ .32ರ ಸೌಮ್ಯ ತೋಟೆಯನ್ನು. ಅಲ್ಲಿ ಗೆಲ್ಲಿಸುವುದು ಶಕ್ತಿಯಲ್ಲ, ಒಂದರಂತೆ ಇನ್ನೊಂದಿರುವ ಈಡು. ಮದ್ದಿನ ಗುಣವೇ ನಿಮ್ಮನ್ನು ಸೆಳೆದರೆ ರಸಾಯನಶಾಸ್ತ್ರ ಓದಿ. ಸುತಾರವಾಡಿಯ ಹೈ ಎನರ್ಜಿ ಮೆಟೀರಿಯಲ್ಸ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ವಿಜ್ಞಾನಿಗಳು ದಿನನಿತ್ಯ ಮಾಡುವುದು ಇದೇ ಕೆಲಸ.

ಮದ್ದನ್ನು ವೈದ್ಯರ ಕೈಯಿಂದ ತೆಗೆದುಕೊಳ್ಳುವಂತೆ, ಈ ಮದ್ದಿನ ವಿದ್ಯೆಯನ್ನೂ ಬಲ್ಲವರ ಬಳಿಯೇ ಕಲಿಯಿರಿ.