ಮಂಗನ ಕಾಯಿಲೆ: ಮೂಲ ತಿಳಿದರೂ ಹತೋಟಿಗೆ ಬಾರದ ಜ್ವರ

ರಕ್ತಸ್ರಾವದ ಮಾರಕ ಜ್ವರ ಎಂದ ಕೂಡಲೇ ನಮಗೆ ನೆನಪಾಗುವುದು ಎಬೋಲಾ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಅದು 11,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆದರೆ ಅಂತಹುದೇ ಜ್ವರವೊಂದಕ್ಕೆ ನಮ್ಮ ಘಟ್ಟದ ಊರಿನದೇ ಹೆಸರಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಜನರೂ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಉಣುಗು ಹರಡುವ ಹೊಸ ವೈರಾಣು ಎಂದು ಕಂಡುಹಿಡಿದರು.

ಎಬೋಲಾದಂತೆ ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿಯ ಶುಶ್ರೂಷೆಗೆ ಹೋಗುವವರು ಹೆದರಬೇಕಾಗಿಲ್ಲ. ಹಾಗಿದ್ದ ಮೇಲೆ ಹತೋಟಿ ಸುಲಭವಾಗಬೇಕಿತ್ತಲ್ಲವೇ? ಆಗಲಿಲ್ಲ. ಮರಿ ಉಣುಗುಗಳ ಕಾಟ ಜೋರಾಗುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಹಟ್ಟಿಗೆ, ತೋಟಕ್ಕೆ ತರಗೆಲೆ ಗುಡಿಸಿ ತರುವುದೂ ಸೌದೆ ಕೂಡಿಡುವುದೂ ಅದೇ ತಿಂಗಳುಗಳಲ್ಲಿ. 'ಕಾಡಿಗೆ ಹೋಗಬೇಡಿ' ಎಂದು ಕರಪತ್ರ ಹಂಚುವುದು ಸುಲಭ. ಆದರೆ ಆ ದಿನದ ಕೂಲಿಯನ್ನು ಕರಪತ್ರ ಕೊಡುವುದಿಲ್ಲ.

ನಮ್ಮ ಕರಾವಳಿಯವರು ಇದನ್ನು ಮರೆತಿರಬಹುದು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆ ಕಡೆ ಗೇರು ನೆಡಲು ಕಾಡು ಕಡಿದಾಗ ಈ ಜ್ವರ ದೊಡ್ಡದಾಗಿಯೇ ಎದ್ದಿತ್ತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಅದೇ ಸಂಕಟ ಕಂಡಿತು. 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರದ ಸರದಿ.

ಇನ್ನು ಲಸಿಕೆಯ ವಿಚಾರ. ಅದು ನಮ್ಮಲ್ಲಿ ಇತ್ತು. ಬೆಂಗಳೂರಿನ ಹೆಬ್ಬಾಳದ ಪಶು ಸಂಸ್ಥೆಯಲ್ಲಿ ತಯಾರಾಗಿ 1990ರಿಂದ ಬಳಕೆಯಲ್ಲಿತ್ತು. ಚುಚ್ಚಿದರೆ ಬಹಳ ನೋವು, ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. ಒಮ್ಮೆ ಚುಚ್ಚಿಸಿಕೊಂಡವರಲ್ಲಿ ಹಲವರು ಎರಡನೆಯ ಸಲ ಬರಲಿಲ್ಲ. 2005ರಿಂದ 2010ರವರೆಗಿನ ಅಂಕಿಅಂಶ ಪರಿಶೀಲಿಸಿದಾಗ ಎರಡು ಡೋಸಿನ ರಕ್ಷಣೆ ಶೇ. 62, ಬೂಸ್ಟರ್ ಸೇರಿದರೆ ಶೇ. 83 ಎಂದು ತಿಳಿದುಬಂತು. ಕೊನೆಗೆ ಗುಣಮಟ್ಟ ಸಾಲದೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸದನ್ನು ರೂಪಿಸುತ್ತಿವೆ. ಎಬೋಲಾ ಶ್ರೀಮಂತ ದೇಶಗಳ ಬಾಗಿಲು ತಟ್ಟಿದ ಕೆಲವೇ ವರ್ಷಗಳಲ್ಲಿ, 2019ರಲ್ಲಿ, ಅದರ ಲಸಿಕೆಗೆ ಮಂಜೂರಾತಿ ಸಿಕ್ಕಿತು. ನಮ್ಮ ತರಗೆಲೆ ಗುಡಿಸುವ ಹೆಂಗಸಿಗೆ ಸದ್ಯ ಉಳಿದಿರುವುದು ಮೈಗೆ ಹಚ್ಚುವ 'ಡೇಪಾ' ಎಣ್ಣೆ. ಬೆವರು ಸುರಿಯುವ ಕೆಲಸದಲ್ಲಿ ಅದು ಎಷ್ಟು ಹೊತ್ತು ಮೈಮೇಲೆ ನಿಂತೀತು?

ಇದು ಮಲೆನಾಡಿನವರ ತೊಂದರೆ ಮಾತ್ರ ಎಂದುಕೊಳ್ಳುವಂತಿಲ್ಲ. ಸುಮಾರು ಹತ್ತು ವರ್ಷಗಳ ಹಿಂದೆ ಗೋವಾದ ಗೇರು ತೋಟಗಳಿಗೆ ದುಡಿಯಲು ಹೋದ ಬೆಳಗಾವಿ ಜಿಲ್ಲೆಯ ಕೂಲಿಗಳಲ್ಲಿ ಈ ಕಾಯಿಲೆ ಪತ್ತೆಯಾಗಿತ್ತು. ಗದಗ, ಮುಂಡರಗಿ, ಶಿರಹಟ್ಟಿಯಂತಹ ಬಯಲುಸೀಮೆಯಿಂದಲೂ ಜನ ಕೂಲಿಗಾಗಿ ಘಟ್ಟಕ್ಕೂ ಕರಾವಳಿಗೂ ಬರುತ್ತಾರೆ. ಉಣುಗು ಕಚ್ಚಿ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಶುರು. ಅಷ್ಟರಲ್ಲಿ ಕೂಲಿಯವನು ಬಸ್ಸು ಹತ್ತಿ ಊರು ಸೇರಿರುತ್ತಾನೆ. ಬೆಟಗೇರಿಯ ವೈದ್ಯರ ಮುಂದೆ ಅವನು ಕುಳಿತಾಗ ಕಾಣುವುದು ತಲೆಸಿಡಿತ, ಮೈಕೈ ನೋವು, ವಾಂತಿ. ಡೆಂಗೆ ನೋಡುತ್ತಾರೆ, ಟೈಫಾಯ್ಡ್ ನೋಡುತ್ತಾರೆ. ಈ ಜ್ವರಕ್ಕೆ ನಿರ್ದಿಷ್ಟ ಔಷಧಿಯಿಲ್ಲ ನಿಜ, ಆದರೆ ಬೇಗ ತಿಳಿದರೆ ಆರೈಕೆಯಿಂದ ಹೆಚ್ಚಿನವರು ಉಳಿಯುತ್ತಾರೆ. ಹೊರರಾಜ್ಯದ, ಹೊರಜಿಲ್ಲೆಯ ಕೆಲಸಗಾರರ ಪರಿಚಯವಿರುವ ನಮ್ಮ ಗುರಿಕಾರರು, ಸಿಸ್ಟರುಗಳು ಊರಿಗೆ ಹೊರಟವರ ಚೀಟಿಯಲ್ಲಿ 'ಕಾಡಿನಂಚಿನ ತೋಟದಲ್ಲಿ ಕೆಲಸ ಮಾಡಿದ್ದಾರೆ' ಎಂದು ಒಂದು ಸಾಲು ಬರೆದುಕೊಟ್ಟರೆ, ಆ ವೈದ್ಯರು ಮಂಗನ ಕಾಯಿಲೆಯ ಪರೀಕ್ಷೆಗೂ ರಕ್ತ ಕಳುಹಿಸಿಯಾರು.