ದೇವರೊಡನೆ ಮಾತು ಬಿಟ್ಟವರಿಗೆ



ವಿದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇತ್ತೀಚೆಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾಳೆ. ಹೊಸನಗರದ ಕಡೆಯ ಕ್ರೈಸ್ತ ಮನೆತನದ ಹುಡುಗಿ. ಹತ್ತು ವರ್ಷಗಳಿಂದ ಚರ್ಚಿಗೆ ಹೋಗಿಲ್ಲವಂತೆ, ಪ್ರಾರ್ಥನೆಯೂ ಇಲ್ಲವಂತೆ. ದೇವರ ಮೇಲೆ ಸಿಟ್ಟೇನೂ ಇಲ್ಲ, ಮಾತು ಬಿಟ್ಟುಹೋಗಿದೆ ಅಷ್ಟೆ, ಮತ್ತೆ ಹೇಗೆ ಆರಂಭಿಸಲಿ ಎಂಬುದು ಅವಳ ಅಳಲು. ಅವಳಿಗೆ ಪ್ರತ್ಯೇಕವಾಗಿ ಉತ್ತರಿಸಿದ್ದೇನೆ. ಇದೇ ಪ್ರಶ್ನೆ ಇನ್ನೂ ಕೆಲವರ ಮನದಲ್ಲಿರಬಹುದೆಂದು, ಅವಳ ಒಪ್ಪಿಗೆ ಪಡೆದು, ಇಲ್ಲಿ ನನ್ನ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ನನ್ನಿಂದ ಕನ್ನಡ ಕಲಿತವರಲ್ಲಿ ಬಹುಪಾಲು ಮಂದಿ ಹಿಂದೂಗಳು. ಮೇಷ್ಟ್ರು ಮತಬೋಧನೆಗೆ ಹೊರಟರೆಂದು ಅವರು ಭಾವಿಸಬಾರದು. ನಾನು ಹುಟ್ಟಿ ಬೆಳೆದ ಮನೆಯ ಮಾತನ್ನು ಹೇಳುತ್ತಿದ್ದೇನೆ.

'ಮಾತು ಬಿಟ್ಟುಹೋಗಿದೆ' ಎಂಬ ಆ ನುಡಿಯನ್ನು ಗಮನಿಸಿ. ನಮ್ಮ ಮಲೆನಾಡಿನಲ್ಲಿ ಮಾತು ಬಿಡುವುದರಲ್ಲಿ ಎರಡು ಬಗೆಯುಂಟು. ಜಗಳವಾಡಿ ಮಾತು ಬಿಡುವುದು ಒಂದು. ಹೋಗುವುದು ಬರುವುದು ನಿಂತು, ಕಾಲುದಾರಿಯಲ್ಲಿ ಹುಲ್ಲು ಬೆಳೆದು, ಯಾರ ತಪ್ಪೂ ಇಲ್ಲದೆ ಮಾತು ನಿಂತುಹೋಗುವುದು ಇನ್ನೊಂದು. ಎರಡನೆಯದೇ ಹೆಚ್ಚು ಕಠಿಣವೆಂದು ನನ್ನ ಅನುಭವ. ಜಗಳಕ್ಕೆ ರಾಜಿ ಪಂಚಾಯಿತಿಯುಂಟು. ಜಗಳವೇ ಆಗದಿದ್ದಲ್ಲಿ ರಾಜಿ ಯಾವುದರ ಮೇಲೆ ಮಾಡುವುದು?

ಜಗಳವಾಡುವಷ್ಟು ಸಲಿಗೆ ಇದ್ದವರ ಸ್ಥಿತಿಯೇ ಉತ್ತಮ. ನಮ್ಮ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವಿಯ ಅಲ್ಲಮಪ್ರಭು ಇವರನ್ನು ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ಇದನ್ನು ಹೇಳುತ್ತಿದ್ದೆ. ವಚನಕಾರರು ದೇವರನ್ನು ಏಕವಚನದಲ್ಲಿ ಕರೆಯುತ್ತಾರೆ, ತರಾಟೆಗೆ ತೆಗೆದುಕೊಳ್ಳುತ್ತಾರೆ. ಕನ್ನಡ ಬೈಬಲ್ಲಿನ ಹಳೆಯ ಅನುವಾದದಲ್ಲಿಯೂ ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲಿ ತಂದೆಯಾದ ದೇವರಿಗೆ 'ನೀನು' ಎಂಬುದೇ ಸಂಬೋಧನೆ. ನಂತರ ಬಂದ ಸರಳ ಅನುವಾದದಲ್ಲಿ ಅದು 'ನೀವು' ಆಯಿತು. ಗೌರವಕ್ಕೆಂದು ಮಾಡಿದ ಬದಲಾವಣೆ, ಆಕ್ಷೇಪವೇನಿಲ್ಲ. ಆದರೂ ವ್ಯಾಕರಣ ಕಲಿಸಿದವನ ಕಿವಿಗೆ ಆ 'ನೀನು'ವಿನಲ್ಲಿ ಅಡುಗೆಮನೆಯ ಬೆಚ್ಚಗೂ 'ನೀವು'ವಿನಲ್ಲಿ ಜಗುಲಿಯ ದೂರವೂ ಕೇಳಿಸುತ್ತವೆ.

ಸಂಬಂಧವನ್ನು ಮತ್ತೆ ಕಟ್ಟುವ ವಿಷಯ ಬಂದಾಗ ಉಪದೇಶಕರು ಸಾಮಾನ್ಯವಾಗಿ ದಾರಿತಪ್ಪಿದ ಮಗನ ಕಥೆಯನ್ನು ಹೇಳುತ್ತಾರೆ. ಅದು ಎಲ್ಲರಿಗೂ ತಿಳಿದದ್ದೇ. ನನಗೆ ಅದಕ್ಕಿಂತ ಹತ್ತಿರವಾದದ್ದು ಯೊವಾನ್ನನ ಶುಭಸಂದೇಶದಲ್ಲಿ ಬರುವ ಪೇತ್ರನ ಪ್ರಸಂಗ. ಕ್ರಿಸ್ತನನ್ನು ಬಂಧಿಸಿದ ರಾತ್ರಿ ಚಳಿಯಿತ್ತು. ಪ್ರಧಾನಯಾಜಕನ ಅಂಗಳದಲ್ಲಿ ಆಳುಗಳು ಇದ್ದಿಲ ಬೆಂಕಿ ಹಾಕಿಕೊಂಡು ನಿಂತಿದ್ದರು. ಆ ಬೆಂಕಿಯಲ್ಲಿ ಮೈ ಕಾಯಿಸಿಕೊಂಡ ಪೇತ್ರನು ತನಗೂ ಆ ಕೈದಿಗೂ ಸಂಬಂಧವಿಲ್ಲವೆಂದು ಆ ರಾತ್ರಿ ಮೂರು ಬಾರಿ ಹೇಳಿಬಿಟ್ಟನು. ಮುಂದೆ ಪುನರುತ್ಥಾನದ ನಂತರ ಅವನು ತನ್ನ ಹಳೆಯ ಕಸುಬಾದ ಮೀನುಗಾರಿಕೆಗೆ ಹೊರಟಿದ್ದಾನೆ. ಬೆಳಗಿನ ಜಾವ ತಿಬೇರಿಯ ಸರೋವರದ ದಡಕ್ಕೆ ಬಂದರೆ ಅಲ್ಲಿಯೂ ಇದ್ದಿಲ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಗ್ರೀಕ್ ಮೂಲದಲ್ಲಿ ಇದ್ದಿಲ ಬೆಂಕಿಗೆ ಬಳಸಿರುವ ಆ ಪದವು ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆ ಮಾತ್ರ ಬರುತ್ತದೆ.

ಆ ಎರಡನೆಯ ಬೆಂಕಿಯ ಬಳಿ ಕ್ರಿಸ್ತನು ಮೊದಲು ಊಟಕ್ಕೆ ಕರೆಯುತ್ತಾನೆ. ಆಮೇಲೆ ಕೇಳುವುದು ಒಂದೇ ಪ್ರಶ್ನೆ, ನನ್ನ ಮೇಲೆ ಪ್ರೀತಿಯಿದೆಯೇ ಎಂದು. ಅದನ್ನೇ ಮೂರು ಬಾರಿ ಕೇಳುತ್ತಾನೆ. ಏಕೆ ಹಾಗೆ ಹೇಳಿದೆ ಎಂಬ ಪ್ರಶ್ನೆ ಎಲ್ಲಿಯೂ ಇಲ್ಲ. (ಶಾಲೆಗಳಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ತಡವಾಗಿ ಬಂದ ಹುಡುಗನಿಂದ ಮೊದಲು ಕಾರಣ ಬರೆಸಿಕೊಳ್ಳುತ್ತೇವೆ.) ಮತ್ತೊಂದು ವಿಶೇಷವನ್ನು ಗಮನಿಸಬೇಕು. ಪೇತ್ರನು ಹೌದೆಂದಾಗಲೆಲ್ಲ ಅವನಿಗೆ ಒಂದು ಕೆಲಸ ಬೀಳುತ್ತದೆ: ಕುರಿಗಳನ್ನು ನೋಡಿಕೋ. ಸಂಬಂಧ ಸರಿಹೋದದ್ದಕ್ಕೆ ಕುರುಹಾಗಿ ಅವನಿಗೆ ದೊರೆತದ್ದು ಇತರರ ಹೊಣೆ. ಆ ಕ್ಷಣದಲ್ಲಿ ಅವನಿಗೆ ಆನಂದವಾಯಿತೆಂದು ಅಲ್ಲಿ ಬರೆದಿಲ್ಲ. ಮೂರನೆಯ ಬಾರಿ ಕೇಳಿದಾಗ ಅವನಿಗೆ ನೋವಾಯಿತೆಂದೇ ಇದೆ.

ಇದನ್ನೇಕೆ ಒತ್ತಿ ಹೇಳುತ್ತಿದ್ದೇನೆಂದರೆ, ಈಚಿನ ದಶಕಗಳಲ್ಲಿ ನಮ್ಮವರು ಸಂಬಂಧವೆಂದರೆ ಅನುಭೂತಿ ಎಂದು ತಿಳಿದಿದ್ದಾರೆ. ಕೇರಳದ ಪೋಟ್ಟದಲ್ಲಿಯೂ ನಮ್ಮ ಕರಾವಳಿಯ ಮೂಲ್ಕಿಯಲ್ಲಿಯೂ ಧ್ಯಾನಕೇಂದ್ರಗಳಿವೆ. ಘಟ್ಟದ ಮೇಲಿನವರು ಬಸ್ಸು ಹತ್ತಿ ಹೋಗಿ, ಹಲವು ದಿನ ಪ್ರವಚನ ಕೇಳಿ, ಕಣ್ಣೀರು ಹರಿಸಿ, ಹಗುರಾಗಿ ಬರುತ್ತಾರೆ. ಕುಡಿತ ಬಿಟ್ಟು ಮನೆ ಉಳಿಸಿಕೊಂಡವರನ್ನು ಬಲ್ಲೆನಾದ್ದರಿಂದ ಹಗುರವಾಗಿ ಮಾತನಾಡಲಾರೆ. ಆದರೆ ತಿಂಗಳು ಕಳೆದ ಮೇಲೆ ಆ ಬೆಚ್ಚಗು ಆರಿತೆಂದು ಮತ್ತೊಂದು ಧ್ಯಾನಕೂಟಕ್ಕೆ ಓಡುವವರೂ ಇದ್ದಾರೆ. ಮದುವೆಯಾಗಿ ಮೂವತ್ತು ವರ್ಷವಾದವರು ಮೊದಲ ವಾರದ ಉತ್ಸಾಹವನ್ನು ಪ್ರತಿ ತಿಂಗಳೂ ಹುಡುಕುತ್ತಾರೆಯೇ?

ಹಾಗಾದರೆ ಸಂಬಂಧವನ್ನು ಉಳಿಸುವುದು ಯಾವುದು? ನಮ್ಮ ಚರಿತ್ರೆಯಲ್ಲಿಯೇ ಒಂದು ಉತ್ತರವಿದೆ. ಮಲೆನಾಡಿನ ಕೊಂಕಣಿ ಕ್ರೈಸ್ತರಲ್ಲಿ ಹಲವರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಆ ಕರಾವಳಿಯ ಕಥೋಲಿಕರನ್ನು ೧೭೮೪ರಲ್ಲಿ ಟಿಪ್ಪು ಸುಲ್ತಾನನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಹಲವು ಚರ್ಚುಗಳು ನೆಲಸಮವಾದವು, ಪಾದ್ರಿಗಳನ್ನು ಹೊರಗಟ್ಟಲಾಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿದರು. ಹೋದವರೆಷ್ಟು, ಬಂದವರೆಷ್ಟು ಎಂಬ ಬಗ್ಗೆ ಇತಿಹಾಸಕಾರರ ಲೆಕ್ಕಗಳು ಬೇರೆಬೇರೆ. ಈ ಕಥೆಯನ್ನು ಇಂದಿನ ರಾಜಕೀಯದ ಸೌದೆಯಾಗಿಸುವವರಿದ್ದಾರೆ, ಅದು ನನಗೆ ಸಮ್ಮತವಲ್ಲ. ನನ್ನ ಕುತೂಹಲ ಬೇರೆ. ಹದಿನೈದು ವರ್ಷವೆಂದರೆ ತೊಟ್ಟಿಲ ಮಗು ಮೀಸೆ ಮೂಡಿದ ಹುಡುಗನಾಗುವಷ್ಟು ಕಾಲ. ಚರ್ಚಿಲ್ಲದೆ, ಬಲಿಪೂಜೆಯಿಲ್ಲದೆ ಬೆಳೆದ ಆ ಹುಡುಗನಿಗೆ ದೇವರ ಪರಿಚಯ ಎಲ್ಲಿಂದಾಯಿತು? ತಾಯಿಯೋ ಅಜ್ಜಿಯೋ ಕತ್ತಲಲ್ಲಿ ಪಿಸುಮಾತಿನಲ್ಲಿ ಹೇಳಿಕೊಟ್ಟ ನಾಲ್ಕು ಪ್ರಾರ್ಥನೆಗಳಿಂದಲೇ ಇರಬೇಕು, ಬೇರೆ ದಾರಿ ನನಗೆ ತೋರುವುದಿಲ್ಲ. ಮರಳಿ ಬಂದವರು ಹಾಳುಬಿದ್ದ ಚರ್ಚುಗಳನ್ನು ಮತ್ತೆ ಎಬ್ಬಿಸಿದರು. ಎದೆಯೊಳಗೆ ಉಳಿಯದಿದ್ದುದನ್ನು ಯಾರೂ ಕಲ್ಲಿನಲ್ಲಿ ಕಟ್ಟಲಾರರು.

ನಮ್ಮ ಬಾಲ್ಯದ ಮಳೆಗಾಲದಲ್ಲಿಯೂ ಹಳ್ಳ ತುಂಬಿದರೆ ವಾರಗಟ್ಟಲೆ ಚರ್ಚಿಗೆ ಹೋಗಲಾಗುತ್ತಿರಲಿಲ್ಲ. ಆದರೆ ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಒಂದು ದಿನವೂ ತಪ್ಪುತ್ತಿರಲಿಲ್ಲ. ಅರ್ಧ ಜಪ ನಿದ್ದೆಯಲ್ಲಿ, ಅರ್ಧ ಜಪ ಸೊಳ್ಳೆ ಹೊಡೆಯುವುದರಲ್ಲಿ. ಭಕ್ತಿಯಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ದಾರಿಯಲ್ಲಿ ಹುಲ್ಲು ಬೆಳೆಯಲು ಅದು ಬಿಡಲಿಲ್ಲ, ಅಷ್ಟಂತೂ ನಿಜ. ಹಾಗೆಂದು, ಮನೆಯ ಪ್ರಾರ್ಥನೆ ಸಾಕು, ಚರ್ಚು ಏಕೆ ಎನ್ನುವ ಇಂದಿನ ವಾದವನ್ನು ನಾನು ಒಪ್ಪುವುದಿಲ್ಲ. ಸೆರೆಯಿಂದ ಬಂದವರು ಹಾಗೆ ಯೋಚಿಸಿದ್ದರೆ ಚರ್ಚು ಕಟ್ಟುವ ಶ್ರಮವನ್ನೇ ಪಡುತ್ತಿರಲಿಲ್ಲ.

ಆದುದರಿಂದ ಆ ವಿದ್ಯಾರ್ಥಿನಿಗೆ ನಾನು ಬರೆದದ್ದು ಚಿಕ್ಕ ಉತ್ತರ. ದಿನಕ್ಕೆ ಐದು ನಿಮಿಷ, ಒಂದೇ ಹೊತ್ತಿನಲ್ಲಿ, ಬಾಯಿಗೆ ಬಂದ ಭಾಷೆಯಲ್ಲಿ. ಏನೂ ಅನ್ನಿಸದಿದ್ದರೂ ಏಳಬೇಡ. ಆಮೇಲೆ ಒಂದು ದಿನ ಪಾಪನಿವೇದನೆಗೆ ಹೋಗು, ಅದನ್ನು ಪರೀಕ್ಷೆಯೆಂದು ತಿಳಿಯಬೇಡ. ಸರೋವರದ ದಡದ ಆ ಬೆಂಕಿಯನ್ನು ನೆನೆದುಕೋ. ಲಿಂಗನಮಕ್ಕಿಯ ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದಲ್ಲವೇ? ೧೯೬೪ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ್ದು ಇಂದಿಗೂ ನಿಂತಿದೆ. ನಿನ್ನ ಹತ್ತು ವರ್ಷ ಅದರ ಮುಂದೆ ಏನು ಮಹಾ ಎಂದೂ ಬರೆದೆ.

ಒಂದು ಮಾತನ್ನು ಅವಳಿಗೆ ಬರೆದಿಲ್ಲ, ಏಕೆಂದರೆ ಅದು ಅವಳಿಗೆ ಬೇಕಾಗಿರಲಿಲ್ಲ. ಊರಿನಲ್ಲಿರುವ ನಮಗೆ ಬೇಕು. ಕಾಣಿಕೆ ಹಿಡಿದು ಪೀಠದ ಮುಂದೆ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಸರಿಮಾಡಿಕೊಂಡು ಬಾ ಎಂಬ ಅರ್ಥದ ಮಾತನ್ನು ಕ್ರಿಸ್ತನು ಪರ್ವತ ಪ್ರಸಂಗದಲ್ಲಿ ಆಡಿದ್ದಾನೆ. ನಮ್ಮ ದೂರದ ಬಂಧುಗಳಲ್ಲಿ ಅಣ್ಣತಮ್ಮಂದಿರಿಬ್ಬರು ಅಡಿಕೆ ತೋಟದ ಗಡಿಗಾಗಿ ಎಷ್ಟೋ ವರ್ಷಗಳಿಂದ ವ್ಯಾಜ್ಯದಲ್ಲಿದ್ದಾರೆ. ಅಣ್ಣ ನಾಲ್ಕು ಧ್ಯಾನಕೂಟಗಳಿಗೆ ಹೋಗಿ ಬಂದ. ಪ್ರಾರ್ಥನೆ ಹತ್ತುವುದಿಲ್ಲ, ಮನಸ್ಸು ನಿಲ್ಲುವುದಿಲ್ಲ ಎಂದು ನನ್ನಲ್ಲಿ ಹೇಳಿಕೊಂಡಾಗ, ತಮ್ಮನ ಮನೆ ನಿನ್ನ ಮನೆಯಿಂದ ಎಷ್ಟು ದೂರ ಎಂದು ಕೇಳಿದೆ. ಅವನು ಉತ್ತರಿಸದೆ ಎದ್ದು ಹೋದ. ಕೆಲವು ತಿಂಗಳು ನನ್ನೊಡನೆಯೂ ಮಾತು ಬಿಟ್ಟ.

ವ್ಯಾಜ್ಯ ಇನ್ನೂ ನ್ಯಾಯಾಲಯದಲ್ಲಿದೆ. ಆದರೆ ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಗದೆ ತಮ್ಮ ಪರದಾಡುತ್ತಿದ್ದಾಗ, ಅಣ್ಣ ತನ್ನ ಕೊನೆಗಾರನನ್ನು ಎರಡು ದಿನ ಅತ್ತ ಕಳುಹಿಸಿದನಂತೆ. ದ್ರಾವಣದ ಡ್ರಮ್ಮನ್ನು ಗಡಿಯಾಚೆಗೆ ದಾಟಿಸಿಕೊಟ್ಟವನೂ ಅವನೇ ಎಂದು ಕೇಳಿದೆ.