ಮನೆಯ ಆರೋಗ್ಯ: ನುಂಗದ ಮದ್ದಿಗೂ ಬಗ್ಗದ ರೋಗಾಣು

ಕಳೆದ ಸಂಚಿಕೆ ಮನೆಮನೆ ಸೇರಿದ ಮೇಲೆ ಬಂದ ಪತ್ರಗಳಲ್ಲಿ ಬೇಗಂಪೇಟೆಯ ತಾಯಿಯೊಬ್ಬರ ಪ್ರಶ್ನೆ ಎಲ್ಲರ ಮನೆಗೂ ಸಂಬಂಧಪಟ್ಟದ್ದು. ಅವರ ಐದು ವರ್ಷದ ಮಗಳಿಗೆ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು. ಪ್ರಯೋಗಶಾಲೆಯವರು ರೋಗಾಣುವನ್ನು ಬೆಳೆಸಿ ನೋಡಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ಪಟ್ಟಿ ಮಾಡಿ ಕೊಟ್ಟರು. ಐದಾರು ಔಷಧಗಳ ಮುಂದೆ ‘ಆರ್’ ಎಂಬ ಅಕ್ಷರವಿತ್ತು. ಬಗ್ಗುವುದಿಲ್ಲ ಎಂದು ಅದರ ಅರ್ಥ. ಹುಟ್ಟಿದಾರಭ್ಯ ಇವುಗಳಲ್ಲಿ ಒಂದನ್ನೂ ನುಂಗದ ಹುಡುಗಿಯ ಮೈಗೆ ಅವು ಒಗ್ಗಿಹೋದದ್ದು ಹೇಗೆ ಎಂದು ತಾಯಿಯ ಕಳವಳ.

ಒಗ್ಗಿದ್ದು ಹುಡುಗಿಯ ಮೈಗಲ್ಲ, ರೋಗಾಣುವಿಗೆ. ಮದ್ದನ್ನು ಮಗು ಕಂಡಿಲ್ಲದಿರಬಹುದು. ಅವಳ ಕರುಳಿಗೆ ಬಂದು ನೆಲೆಸಿದ ಬ್ಯಾಕ್ಟೀರಿಯ ಅಥವಾ ಅದರ ನೆರೆಯ ಬ್ಯಾಕ್ಟೀರಿಯ ಎಲ್ಲಿಯೋ ಕಂಡಿದೆ.

ಬ್ಯಾಕ್ಟೀರಿಯ ಎಂದೊಡನೆ ಹೆದರಬೇಕಾಗಿಲ್ಲ. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಬೆಳಿಗ್ಗೆ ಗಟ್ಟಿ ಮೊಸರು ತೆಗೆಯುವ ನಮ್ಮ ಹೆಂಗಸರು ಇವನ್ನು ಸಾಕಿ ಬಳಸಿದವರೇ. ಒಂದು ಚಮಚ ಇಡೀ ಪಾತ್ರೆಯಾಗುವುದು ಅವುಗಳ ವೃದ್ಧಿಯ ವೇಗದಿಂದ. ಕರುಳಿನಲ್ಲಿರುವ ಇ. ಕೋಲಿ ಎಂಬ ಜಾತಿ ಅನುಕೂಲ ಒದಗಿದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗಿ ಒಡೆಯುತ್ತದೆ. ಹಾಗೆ ಹತ್ತು ಗಂಟೆ ನಡೆದರೆ ಒಂದರಿಂದ ನೂರು ಕೋಟಿಗೂ ಮಿಕ್ಕ ಸಂತತಿ! ಇಷ್ಟು ಪ್ರತಿಗಳನ್ನು ಬರೆಯುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಬಹುತೇಕ ತಪ್ಪುಗಳಿಂದ ಪ್ರಯೋಜನವಿಲ್ಲ. ಎಲ್ಲೋ ಒಂದು ತಪ್ಪು ಮಾತ್ರ ಆ ಜೀವಿಗೆ ವರವಾಗುತ್ತದೆ: ಮದ್ದು ಹಿಡಿಯಬೇಕಾದ ಭಾಗದ ಆಕಾರವೇ ಬದಲಾಗುತ್ತದೆ, ಅಥವಾ ಒಳಬಂದ ಮದ್ದನ್ನು ಹೊರಕ್ಕೆ ನೂಕುವ ಪಂಪು ಜೋರಾಗುತ್ತದೆ. ಮದ್ದನ್ನೇ ತುಂಡರಿಸುವ ಕಿಣ್ವಗಳೂ ಉಂಟು. ಪೆನಿಸಿಲಿನ್ನನ್ನು ಹಾಳುಮಾಡುವ ಇಂಥ ಕಿಣ್ವವನ್ನು ಏಬ್ರಹಾಂ ಮತ್ತು ಚೈನ್ 1940ರಲ್ಲಿಯೇ ವರದಿ ಮಾಡಿದರು, ಆ ಔಷಧ ಜನರ ಕೈಸೇರುವುದಕ್ಕೆ ಮುಂಚೆಯೇ. ಆಂಟಿಬಯಾಟಿಕ್ ಬಿದ್ದಾಗ ಬಗ್ಗುವವು ಸತ್ತು, ಬಗ್ಗದ ಒಂದೆರಡಕ್ಕೆ ಇಡೀ ಮನೆ ಖಾಲಿ ಸಿಗುತ್ತದೆ.

ಇಷ್ಟೇ ಆಗಿದ್ದರೆ ವಿದ್ಯೆ ತಂದೆಯಿಂದ ಮಗನಿಗೆ ಇಳಿದಂತೆ ವಂಶದೊಳಗೇ ಉಳಿಯುತ್ತಿತ್ತು. ಆದರೆ ಈ ಜೀವಿಗಳು ನೆರೆಯವರಿಗೂ ಕಲಿಸುತ್ತವೆ. ನಮ್ಮ ಮಹಿಳಾ ಮಂಡಲಿಯ ಹಾಡಿನ ನೋಟುಬುಕ್ಕನ್ನು ನೆನೆಯಿರಿ. ರಾಯಚೂರಿನವರ ಹಾಡನ್ನು ಧಾರವಾಡದವರು ನಕಲು ಮಾಡಿಕೊಂಡರೆ ರಾಯಚೂರಿನವರ ಪುಸ್ತಕದಲ್ಲಿ ಹಾಡೇನೂ ಕಡಿಮೆಯಾಗುವುದಿಲ್ಲ; ಈಗ ಇಬ್ಬರಿಗೂ ಹಾಡು ಬರುತ್ತದೆ. ಬ್ಯಾಕ್ಟೀರಿಯದ ಒಳಗೆ ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರವಿರುವುದುಂಟು. ಅದೇ ಇಂಥ ನೋಟುಬುಕ್ಕು. ಎರಡು ಜೀವಿಗಳು ತಾಗಿ ನಿಂತು ಒಂದು ಇನ್ನೊಂದಕ್ಕೆ ಅದರ ಪ್ರತಿಯನ್ನು ದಾಟಿಸುತ್ತದೆ. ಬ್ಯಾಕ್ಟೀರಿಯಗಳ ನಡುವೆ ಇಂಥ ಕೊಡುಕೊಳ್ಳುವಿಕೆ ಇದೆಯೆಂದು ಲೆಡರ್‌ಬರ್ಗ್ ಮತ್ತು ಟೇಟಮ್ 1946ರಲ್ಲಿ ತೋರಿಸಿದರು. ಸತ್ತ ಜೀವಿಯ ಚೂರನ್ನು ಬದುಕಿದ್ದು ಎತ್ತಿಕೊಳ್ಳುವುದೂ ಉಂಟು, ವೈರಸ್ಸು ಹೊತ್ತು ತರುವುದೂ ಉಂಟು; ಆ ವಿಸ್ತಾರ ಇಲ್ಲಿ ಬೇಡ.

ಇದರ ಪೆಟ್ಟು ಮೊದಲು ಚೆನ್ನಾಗಿ ತಿಳಿದದ್ದು ಜಪಾನಿನಲ್ಲಿ. 1950ರ ದಶಕದಲ್ಲಿ ಅಲ್ಲಿ ಆಮಶಂಕೆಯ ರೋಗಾಣು ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ನಾಲ್ಕಕ್ಕೂ ಒಟ್ಟಿಗೇ ಬಗ್ಗದಾಯಿತು. ಒಂದೇ ಔಷಧ ತೆಗೆದುಕೊಂಡ ರೋಗಿಯಲ್ಲೂ ನಾಲ್ಕನ್ನೂ ಗೆದ್ದ ರೋಗಾಣು ಕಂಡಿತು. ಒಂದೊಂದೇ ತಪ್ಪಿನಿಂದ ಕಲಿತದ್ದಾದರೆ ಹೀಗಾಗದು. ಕರುಳಿನ ನಿರುಪದ್ರವಿ ಇ. ಕೋಲಿ ನಾಲ್ಕೂ ವಿದ್ಯೆಗಳನ್ನು ಒಂದೇ ಗಂಟಿನಲ್ಲಿ ಅದಕ್ಕೆ ದಾಟಿಸಬಲ್ಲುದೆಂದು 1959ರಲ್ಲಿ ತಿಳಿಯಿತು.

ಇನ್ನೊಂದು ಹೈದರಾಬಾದಿದೆ, ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ. 2016ರ ಕೊನೆಯಲ್ಲಿ ಅಲ್ಲಿ ಎದ್ದ ವಿಷಮಶೀತಜ್ವರ, ಅಂದರೆ ಟೈಫಾಯ್ಡ್, ಹಳೆಯ ಔಷಧಗಳಿಗಷ್ಟೇ ಅಲ್ಲ, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿಗೂ ಬಗ್ಗಲಿಲ್ಲ. ನುಂಗುವ ಮಾತ್ರೆಗಳಲ್ಲಿ ನಂಬಬಹುದಾದದ್ದೆಂದು ಉಳಿದದ್ದು ಅಜಿತ್ರೋಮೈಸಿನ್ ಒಂದೇ. ಪರೀಕ್ಷಿಸಿ ನೋಡಿದರೆ, ಟೈಫಾಯ್ಡ್ ರೋಗಾಣುವಿನ ಒಳಗೆ ಹೊಸದೊಂದು ಪ್ಲಾಸ್ಮಿಡ್, ಇ. ಕೋಲಿಯಲ್ಲಿ ಕಂಡಿದ್ದ ಪ್ಲಾಸ್ಮಿಡ್ಡಿಗೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಔಷಧ ಸೋತಲ್ಲಿ ಲಸಿಕೆಯ ಮೊರೆಹೋಗಬೇಕಾಯಿತು. 2019ರ ನವೆಂಬರಿನಲ್ಲಿ ಪಾಕಿಸ್ತಾನ ಟೈಫಾಯ್ಡಿನ ಹೊಸ ಬಗೆಯ ಲಸಿಕೆಯನ್ನು ಮಕ್ಕಳ ನಿತ್ಯದ ಪಟ್ಟಿಗೆ ಸೇರಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಬಳಸಿದ ಲಸಿಕೆ ತಯಾರಾದದ್ದು ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್‌ನಲ್ಲಿ. ಆ ಹೈದರಾಬಾದಿನ ಮಕ್ಕಳಿಗೆ ಈ ಹೈದರಾಬಾದಿನ ಲಸಿಕೆ!

ಹೆಮ್ಮೆಪಡುವ ಈ ಮಾತಿನ ಪಕ್ಕದಲ್ಲೇ ತಲೆತಗ್ಗಿಸುವ ಮಾತೂ ಇದೆ. ಬೇಗಂಪೇಟೆಯಿಂದ ಮುಂಬಯಿ ರಸ್ತೆ ಹಿಡಿದು ಹೊರಟರೆ ಸಿಗುವ ಪಟಾನ್‌ಚೆರುವು ಔಷಧ ಕಾರ್ಖಾನೆಗಳ ಊರು. ಬೀದರಿನ ಬಸ್ಸಿನಲ್ಲಿ ಓಡಾಡುವ ನಮ್ಮವರಿಗೆ ಅಲ್ಲಿನ ಗಾಳಿಯ ವಾಸನೆಯೇ ಗುರುತು. ಸುಮಾರು ತೊಂಬತ್ತು ಕಾರ್ಖಾನೆಗಳ ಕೊಳೆನೀರನ್ನು ಶುದ್ಧಿಮಾಡುವ ಸ್ಥಾವರದಿಂದ ಹೊರಬಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ! ದಿನಕ್ಕೆ ಸುಮಾರು 45 ಕಿಲೋಗ್ರಾಂ ಹರಿದುಹೋಗುತ್ತಿದೆಯೆಂದು ಲೆಕ್ಕ ಬಂತು. ಇಡೀ ಸ್ವೀಡನ್ ದೇಶ ಐದು ದಿನ ನುಂಗುವಷ್ಟು. ಬೀದರ ಜಿಲ್ಲೆಯನ್ನು ಹಾದು ಬರುವ ನಮ್ಮ ಮಾಂಜ್ರಾ ನದಿಯನ್ನು ಈ ಸೀಮೆಯ ಹಳ್ಳದ ನೀರೂ ಕೆಳಗೆ ಕೂಡಿಕೊಳ್ಳುತ್ತದೆ. ಇಂಥ ನೀರಿನಲ್ಲಿ ಬದುಕಿ ಉಳಿಯುವುದು ವಿದ್ಯೆ ಕಲಿತ ಬ್ಯಾಕ್ಟೀರಿಯವೇ. ಹಳ್ಳದ ಕೆಸರಿನಲ್ಲಿ ಪ್ರತಿರೋಧದ ಜೀನುಗಳೂ ಅವನ್ನು ಸಾಗಿಸುವ ಸಾಧನಗಳೂ ಹೇರಳವಾಗಿವೆಯೆಂದು 2011ರಲ್ಲಿ ಇನ್ನೊಂದು ಪರೀಕ್ಷೆ ಹೇಳಿತು. ಕಾರ್ಖಾನೆಯ ನೀರಿನಲ್ಲಿ ಇಂಥಿಷ್ಟೇ ಆಂಟಿಬಯಾಟಿಕ್ ಇರಬಹುದೆಂಬ ಮಿತಿಗಳನ್ನು ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ಕರಡಾಗಿ ಹೊರಡಿಸಿತು. 2021ರಲ್ಲಿ ಬಂದ ಅಂತಿಮ ನಿಯಮದಲ್ಲಿ ಅವು ಕಾಣಲಿಲ್ಲ. ಏಕೆ ಬಿಟ್ಟರೆಂದು ಕೇಳುವ ಹಕ್ಕು ಇಲ್ಲಿ ನೀರು ಕುಡಿಯುವ ನಮಗೆಲ್ಲ ಇದೆ.

ಕಾರ್ಖಾನೆಯನ್ನು ಬೈದು ಸುಮ್ಮನಾಗುವಂತಿಲ್ಲ, ನಮ್ಮ ಮನೆಗಳ ಡಬ್ಬಿಯನ್ನೂ ನೋಡಬೇಕು. ಹಬ್ಬಕ್ಕೆ ಊರಿಗೆ ಹೋಗುವವರ ಕೈಯಲ್ಲಿ, ಅತ್ತೆಯವರಿಗೆ ಕೆಮ್ಮಂತೆ ಎಂದು ಉಳಿದ ನಾಲ್ಕು ಮಾತ್ರೆ ಕಳಿಸುವ ಪದ್ಧತಿ ನಮ್ಮಲ್ಲಿದೆ. ಪ್ರೀತಿಯಿಂದ ಮಾಡುವ ಕೆಲಸವೇ ಹೌದು. ಆದರೆ ನೆಗಡಿ, ಫ್ಲೂ ವೈರಸ್ಸಿನಿಂದ ಬರುವವು. ಆಂಟಿಬಯಾಟಿಕ್ ಅವಕ್ಕೆ ತಾಗುವುದೇ ಇಲ್ಲ. ತಾಗುವುದು ಅತ್ತೆಯವರ ಕರುಳಿನ ಬ್ಯಾಕ್ಟೀರಿಯಕ್ಕೆ. ಅಲ್ಲಿ ಬಗ್ಗದವು ಉಳಿದು ಹೆಚ್ಚುತ್ತವೆ, ಕೈಯಿಂದ ತುತ್ತಿಗೆ, ತುತ್ತಿನಿಂದ ಮೊಮ್ಮಕ್ಕಳಿಗೆ ದಾಟುತ್ತವೆ. ಮೂತ್ರದ ಸೋಂಕು ಹೆಚ್ಚಾಗಿ ತನ್ನದೇ ಕರುಳಿನ ಇ. ಕೋಲಿಯಿಂದ ಬರುವಂಥದು. ಪತ್ರ ಬರೆದ ತಾಯಿಯ ಮಗಳಿಗೂ ಅದು ನೀರು, ಆಹಾರ, ಕೈ ಯಾವ ದಾರಿಯಲ್ಲಾದರೂ ಬಂದಿರಬಹುದು. ಅವರ ಅಡಿಗೆಮನೆಯ ಶುಚಿಯನ್ನು ಯಾರೂ ಅನುಮಾನಿಸಬೇಕಾಗಿಲ್ಲ. ಪಟ್ಟಿಯಲ್ಲಿ ‘ಎಸ್’ ಎಂದಿರುವ ಔಷಧಗಳೂ ಇರುತ್ತವೆ. ಆ ರೋಗಾಣು ಅವಕ್ಕೆ ಬಗ್ಗುತ್ತದೆ. ಆ ಕಾಗದವನ್ನು ಮಗುವಿನ ಲಸಿಕೆಯ ಚೀಟಿಯ ಜೊತೆಯಲ್ಲಿಟ್ಟು, ಮುಂದೆ ಯಾವ ವೈದ್ಯರ ಬಳಿಗೆ ಹೋದರೂ ತೋರಿಸಲಿ.

ಮಾತ್ರೆಯ ಪಟ್ಟಿಯ ಬೆನ್ನಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ, ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬಾರದು. ಸರ್ಕಾರ 2016ರಲ್ಲಿ ಈ ಗೆರೆಯ ಅರ್ಥವನ್ನು ಸಾರಿ ಹೇಳಿತು. 2014ರ ಮಾರ್ಚಿನಿಂದ ಹಲವು ಆಂಟಿಬಯಾಟಿಕ್‌ಗಳನ್ನು ಮಾರುವಾಗ ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಇವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂಬ ಕಾನೂನೂ ಇದೆ. ಮೆಡಿಕಲ್ ಶಾಪಿನವರು ನಿಮ್ಮ ಹೆಸರು ಕೇಳಿದರೆ ಬೇಸರಿಸಬೇಡಿ. ಕೇಳದೆ, ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟರೆ ಬೇರೆ ಅಂಗಡಿ ನೋಡಿಕೊಳ್ಳಿ.